ಬೊಮ್ಮಕ್ಕ ತಾನೇ ಹಾಕಿಕೊಂಡ ಪ್ಯಾಕೇಜು

ಪರಶುರಾಂಪುರದ ಉಣ್ಣೆ ಸಂಘದ ಲೆಕ್ಕದ ಪ್ರೋಗ್ರಾಂ ಬರೆದವಳು ನಾನು. ಅದು ಡೇಟಾಬೇಸಿನ ಜೊತೆ ಮಾತಾಡಬೇಕಾದರೆ ನಡುವೆ ಒಂದು ಪುಟ್ಟ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು ಬೇಕು. ಸಂಘದ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಅದು ಇರಲಿಲ್ಲ. ಲಿನಕ್ಸಿನ ಹೊಸ ಆವೃತ್ತಿ ಬಂದಾಗಲೆಲ್ಲ ಕಾರ್ಯದರ್ಶಿ ಬೊಮ್ಮಕ್ಕ ಫೋನ್ ಮಾಡುವುದು, ನಾನು ಚಳ್ಳಕೆರೆಯಿಂದ ಬಸ್ಸು ಹತ್ತಿ ಹೋಗಿ ಅದನ್ನು ಕೂರಿಸಿ ಬರುವುದು, ಹೀಗೇ ನಡೆದಿತ್ತು.

ಈ ಸಲ ನಾನು ತುಂಬು ಬಸುರಿ, ಹೆರಿಗೆಗೆ ಮೊಳಕಾಲ್ಮುರಿನ ತವರಿಗೆ ಬಂದವಳು. ಲೈಬ್ರರಿಯನ್ನು ಪ್ಯಾಕೇಜು ಮಾಡಿ ನೆಟ್ಟಿನಲ್ಲಿರುವ ಲಿನಕ್ಸಿನ ಭಂಡಾರಕ್ಕೇ ಸೇರಿಸಿಬಿಟ್ಟರೆ ಬೊಮ್ಮಕ್ಕ ಒಂದು ಸಾಲು ಟೈಪ್ ಮಾಡಿ ತಾನೇ ಹಾಕಿಕೊಳ್ಳಬಹುದು. ಸೇರದಿದ್ದರೆ ಹೊಸ ಆವೃತ್ತಿ ಹಾಕಿದ ದಿನವೇ ಸಂಘದ ಲೆಕ್ಕ ನಿಲ್ಲುತ್ತದೆ, ನಾನು ಬಾಣಂತಿ ಕೋಣೆಯಲ್ಲಿರುತ್ತೇನೆ.

ಭಂಡಾರಕ್ಕೆ ಬರುವ ಪ್ಯಾಕೇಜುಗಳನ್ನು ಪರೀಕ್ಷಿಸುವವರು ಓಂಕಾರಮೂರ್ತಿ. ಮುಖ ನೋಡಿದ್ದಿಲ್ಲ, ಬರೀ ಇಮೇಲಿನ ಪರಿಚಯ. ಕಳಿಸಿದಾಗಲೆಲ್ಲ, ಕಂಪ್ಯೂಟರ್ ತೋರಿಸಿದ ತಪ್ಪಿನ ಸಾಲಿನ ಜೊತೆ ಒಂದೇ ಉತ್ತರ: "ನನ್ನಲ್ಲಿ ಬಿಲ್ಡ್ ಆಗುತ್ತಿಲ್ಲ." ಕೋಡಿನಿಂದ ಪ್ಯಾಕೇಜು ಕಟ್ಟುವ ಆ ಕೆಲಸ ನನ್ನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಆಗುತ್ತಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ನಿಮ್ಮ ಕಂಪ್ಯೂಟರ್ ಬದಲಾಯಿಸಿಕೊಳ್ಳಿ ಎಂದು ಬರೆದೂಬಿಟ್ಟೆ. ಪಾಪ, ಅವರು ಹೊಸ ಆವೃತ್ತಿಗೆ ಸೇರಿಸಲು ಶುಕ್ರವಾರ ಕೊನೆಯ ದಿನ ಎಂದು ನೆನಪಿಸಿದರು, ಅಷ್ಟೇ.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಲ್ಯಾಪ್‌ಟಾಪೇ ಇಲ್ಲ.

"ಬೀರುವಿನಾಗೆ ಇಟ್ಟೀನಿ ಸ್ವಪ್ನ," ಎಂದಳು ಅವ್ವ. "ಹೊಟ್ಟೆಗೆ ಒತ್ತಿಕ್ಕಂಡು ಅದನ್ನ ಕುಟ್ತಾ ಕೂರ್ತೀಯಲ್ಲ, ಮಗೂಗೆ ಏನಾಗಬೇಕು? ಬೀಗದ ಕೈ ಕೇಳಬ್ಯಾಡ."

ಕೂಗಾಡಿದೆ. ಅವ್ವ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ತಮ್ಮ ಓಬಳೇಶ ಹಿಂದಿನ ದಿನವಷ್ಟೇ ಹೊಸ ಕಂಪ್ಯೂಟರ್ ತಂದು ಅದೇ ಲಿನಕ್ಸ್ ಹಾಕಿಕೊಂಡಿದ್ದ. "ಅಕ್ಕ, ನನ್ನದ್ರಾಗೆ ಮಾಡು, ಇದು ಮೇಜಿನ ಮ್ಯಾಲೆ ಐತೆ, ಅವ್ವ ಏನೂ ಅನ್ನಲ್ಲ," ಎಂದು ಕುರ್ಚಿ ಬಿಟ್ಟುಕೊಟ್ಟ. ನೆಟ್ಟಿನಲ್ಲಿಟ್ಟಿದ್ದ ಕಡತಗಳನ್ನು ಇಳಿಸಿಕೊಂಡು ಬಿಲ್ಡ್ ಕೊಟ್ಟೆ. ಅರ್ಧಕ್ಕೇ ನಿಂತುಹೋಯಿತು. ಓಂಕಾರಮೂರ್ತಿಯವರು ಕಳಿಸಿದ್ದ ಅದೇ ತಪ್ಪಿನ ಸಾಲು, ಒಂದಕ್ಷರ ಆಚೀಚೆ ಇಲ್ಲ.

ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ನಮ್ಮ ಲೈಬ್ರರಿಗೆ ಇನ್ನೊಂದು ಲೈಬ್ರರಿಯ ಆಸರೆ ಬೇಕಿತ್ತು. ನನ್ನ ಲ್ಯಾಪ್‌ಟಾಪಿಗೆ ಅದನ್ನು ಯಾವ ಕಾಲದಲ್ಲೋ ಕೈಯಾರೆ ಹಾಕಿ ಮರೆತಿದ್ದೆ. ಪ್ಯಾಕೇಜಿನಲ್ಲಿ ಅದರ ಹೆಸರನ್ನೇ ಬರೆದಿರಲಿಲ್ಲ. ಸದಾ ಹೆಪ್ಪು ಇರುವ ಮನೆಯವರು, ಮೊಸರಿಗೆ ಹಾಲೊಂದಿದ್ದರೆ ಸಾಕು ಎಂದು ಹೇಳಿಕೊಟ್ಟ ಹಾಗೆ. ಹೆಸರು ಸೇರಿಸಿದೆ. ಬಿಲ್ಡ್ ಕೊನೆಯವರೆಗೂ ಹೋಯಿತು. "ತಪ್ಪು ನನ್ನದೇ ಸರ್" ಎಂದು ಬರೆದು ಕಳಿಸಿದೆ. ಸಂಜೆಗೆ ಉತ್ತರ ಬಂತು: "ಈಗ ಆಯಿತಮ್ಮ, ಸೇರಿಸಿದ್ದೇನೆ." ಎಷ್ಟೋ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಹೊಸ ಆವೃತ್ತಿ ಬರುವ ಹೊತ್ತಿಗೆ ಮಗಳು ಮಡಿಲಲ್ಲಿದ್ದಳು. ಬೊಮ್ಮಕ್ಕನ ಫೋನ್ ಬಂದಾಗ ಗಾಬರಿಯಲ್ಲೇ ಎತ್ತಿಕೊಂಡೆ.

"ಏನಾತು ಬೊಮ್ಮಕ್ಕ, ಲೆಕ್ಕ ನಿಂತೋತಾ?"

"ಯಾಕೆ ನಿಲ್ತೈತೆ? ನಾನೇ ಹಾಕ್ಕಂಡೆ, ಚೆನ್ನಾಗಿ ನಡೀತೈತೆ. ಕೂಸು ಹೆಂಗೈತೆ ಅಂತ ಕೇಳಾಕೆ ಮಾಡ್ದೆ ತಾಯಿ."

ಇಷ್ಟು ವರ್ಷಗಳಲ್ಲಿ ಏನೂ ಕೆಡದೆ ಬೊಮ್ಮಕ್ಕ ನನಗೆ ಫೋನ್ ಮಾಡಿದ್ದು ಅದೇ ಮೊದಲು. ನೆಮ್ಮದಿಗೆ ಕಣ್ಣು ತುಂಬಿ ಬಂತು. ಕೂಸಿನ ಬಣ್ಣ, ಕೂದಲು, ಮೂಗು ಯಾರ ಹಾಗಿದೆ ಎಂಬುದನ್ನೆಲ್ಲ ನಿಧಾನವಾಗಿ ಹೇಳುತ್ತಾ ಕುಳಿತೆ.