ಅತ್ತೆಯ ಪಕ್ಕದ ಜಾಗ

ಈ ಕಟ್ಟಿಗೆಯಲ್ಲಿ ಇನ್ನೂ ಹಸಿ ಇದೆ, ಬುಸುಗುಡುತ್ತಿದೆ, ಹೊಗೆ ನೇರ ನನ್ನ ಕಣ್ಣಿಗೇ ಬರುತ್ತಿದೆ, ನಾನು ಆಚೆ ಸರಿದರೆ ಅದೂ ಆಚೆ ಸರಿಯುತ್ತದೆ, ಇಪ್ಪತ್ತೆರಡು ವರ್ಷದಿಂದ ಈ ಬೆಂಕಿ ನೋಡಿಕೊಳ್ಳುತ್ತಿದ್ದೇನೆ, ಹೊಗೆಗೆ ನನ್ನ ಮೇಲೆ ಇಷ್ಟು ಪ್ರೀತಿ ಯಾಕೋ — ಕಲ್ಲುಗಳು ಇನ್ನೂ ಕೆಂಪಾಗಿಲ್ಲ, ಕಲ್ಲು ಅನ್ನಬಾರದು, ಅಜ್ಜಂದಿರು ಅನ್ನಬೇಕು, ಬೆವರುಗುಡಿಸಲಿನ ಕತ್ತಲಲ್ಲಿ ಮೈಮೇಲೆ ನೀರು ಸುರಿಸಿಕೊಂಡು, ಆವಿಯಾಗಿ ಎದ್ದು, ನಮ್ಮ ಪ್ರಾರ್ಥನೆ ಕೇಳುವವರು, ಇಪ್ಪತ್ತೆಂಟು ಮಂದಿ ಅಜ್ಜಂದಿರು, ಗುಡ್ಡದಿಂದ ಒಬ್ಬೊಬ್ಬರನ್ನೂ ತಟ್ಟಿ ನೋಡಿ ತಂದದ್ದು ನಾನೇ, ಹೊಳೆಯ ಕಲ್ಲಾದರೆ ನೀರು ಕುಡಿದಿರುತ್ತದೆ, ಬೆಂಕಿಯಲ್ಲಿ ಸಿಡಿಯುತ್ತದೆ, ಇದನ್ನು ಕಲಿಸಿದ್ದು ನನ್ನ ಅತ್ತೆ ಯುಲೇಲಿಯಾ, ನನಗೆ ಹೇಳಿದ್ದಲ್ಲ, ಆಗ ಮನೆಯಲ್ಲಿದ್ದ ನಾಯಿಗೆ ಹೇಳಿದ್ದು. ನಾಯೀ, ಅಳಿಯಂದ್ರಿಗೆ ಹೇಳು, ಹೊಳೆ ಕಲ್ಲು ತಂದು ನಮ್ಮನ್ನೆಲ್ಲ ಕುರುಡು ಮಾಡ್ಬೇಡಿ ಅಂತ. ಮದುವೆಯಾಗಿ ಮೂರು ದಿನವಾಗಿತ್ತು, ನಾನು ಗಾಡಿ ತುಂಬ ಹೊಳೆಯ ಕಲ್ಲು ತಂದು ಬೀಗುತ್ತ ನಿಂತಿದ್ದೆ, ಕೊರೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಗಂಡ ಅನ್ನುವ ಮುಲಾಜೂ ಇಲ್ಲದೆ. ಆ ನಗು ಹೋಗಿ ಎರಡು ಚಳಿಗಾಲವಾಯಿತು. ಅವಳಿದ್ದಾಗ ಅತ್ತೆಯ ಮಾತು ನನಗೂ ನನ್ನ ಮಾತು ಅತ್ತೆಗೂ ಹೆಚ್ಚಾಗಿ ಅವಳ ಮೂಲಕವೇ ಹೋಗುತ್ತಿತ್ತು, ನಮ್ಮ ಕಟ್ಟಳೆಯಲ್ಲಿ ಅತ್ತೆ ಅಳಿಯ ನೇರ ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ, ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ಎದ್ದು ಹೊರಗೆ, ಈಗಿನವರೆಲ್ಲ ಬಿಟ್ಟಿದ್ದಾರೆ, ಅತ್ತೆ ಬಿಟ್ಟಿಲ್ಲ, ಆದ್ದರಿಂದ ನಾನೂ ಬಿಟ್ಟಿಲ್ಲ. ಮೊನ್ನೆ ಆ ಹೊಸ ನರ್ಸ್ ಕೇಳಿದಳು, ನಿಮ್ಮಿಬ್ಬರಿಗೂ ಜಗಳಾನಾ? ಜಗಳ ಅಲ್ಲಮ್ಮ, ಮರ್ಯಾದೆ, ಅಂದೆ, ಅವಳಿಗೆ ಅರ್ಥವಾಗಲಿಲ್ಲ. ಈಗ ನಮ್ಮಿಬ್ಬರ ನಡುವೆ ಉಳಿದಿರುವುದು ನಾಯಿ ಸಾರ್ಜೆಂಟ್, ಅದಕ್ಕೆ ಕಿವಿ ಕೇಳುವುದಿಲ್ಲ, ಆದರೂ ದಿನಾ ಕಿಟಕಿಯಿಂದ ಅದಕ್ಕೇ ಕೂಗು, ಸಾರ್ಜೆಂಟಾ, ಸಾರು ಬಿಸಿ ಇದೆ, ತಿನ್ನೋರು ಬಂದು ತಿನ್ಲಿ, ನಾನು ನನ್ನ ಕೋಣೆಗೆ ಹೋಗ್ತಿದೀನಿ.

ನಾಳೆ ಬೆಳಿಗ್ಗೆ ಎಂಟಕ್ಕೆ ರಾಪಿಡ್ ಸಿಟಿಯ ಆಸ್ಪತ್ರೆಗೆ ಹೊರಡಬೇಕು, ಹೊರಟರೆ. ಸಕ್ಕರೆ ಕಾಯಿಲೆ ಅತ್ತೆಯ ಎಡಗಾಲಿನ ಮೂರು ಬೆರಳು ತಿಂದಿದೆ, ಕಪ್ಪು ಮೇಲಕ್ಕೆ ಹತ್ತುತ್ತಿದೆ, ಪಾದ ತೆಗೆಯದಿದ್ದರೆ ಹಿಮ ಕರಗುವವರೆಗೂ ಪ್ರಾಣ ಉಳಿಯುವುದಿಲ್ಲ ಎಂದರು ಡಾಕ್ಟರು, ಅತ್ತೆ ಒಲ್ಲೆ ಎಂದರು. ಎಂಥ ಕಾಲು ಅದು! ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಕಾಲು, ಹಿಮದ ಬಿರುಗಾಳಿಗೆ ಬಸ್ಸು ಸಿಕ್ಕಿಬಿದ್ದ ದಿನ ಹದಿನಾಲ್ಕು ಮಕ್ಕಳನ್ನು ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ಬೇಲಿಯ ತಂತಿ ಹಿಡಿದು, ಎರಡು ಮೈಲಿ ನಡೆಸಿ ಮನೆ ಮುಟ್ಟಿಸಿದ ಕಾಲು, ಅಂದೇ ಮೊದಲು ಮರಗಟ್ಟಿದ್ದವಂತೆ ಆ ಬೆರಳುಗಳು, ಆ ಹದಿನಾಲ್ಕರಲ್ಲಿ ಕೊರೀನಳೂ ಒಬ್ಬಳು. ಎಲ್ಲರಿಗೂ ಅತ್ತೆ ಹೇಳುವುದು ಒಂದೇ, ಎರಡು ಕಾಲಲ್ಲಿ ಬಂದೆ, ಎರಡು ಕಾಲಲ್ಲೇ ಹೋಗ್ತೀನಿ. ನಾನೂ ಅದನ್ನೇ ನಂಬಿದ್ದೆ, ಹೋದ ಮಂಗಳವಾರ ಕಟ್ಟಿಗೆ ಹೊರೆ ಹೊತ್ತು ಹಿತ್ತಲ ಬಾಗಿಲಿಗೆ ಬಂದಾಗ ಒಳಗೆ ತಮ್ಮನ ಹತ್ತಿರ ಹೇಳುತ್ತಿದ್ದರು, ಹೋಬರ್ಟ್, ಕಾಲು ಹೋದ್ಮೇಲೆ ನನ್ನ ಎತ್ತೋರು ಯಾರೋ? ಮಗಳಿಲ್ಲ. ಅಳಿಯಂದ್ರ ಕೈಲಿ ಎತ್ತಿಸ್ಕೊಳ್ಲಾ, ಸ್ನಾನಕ್ಕೆ, ಕಕ್ಕಸಿಗೆ? ಅವರನ್ನ ಆ ಸ್ಥಿತಿಗೆ ತರಲ್ಲ ನಾನು. ಕೈಯಲ್ಲಿ ಹೊರೆ ಹಾಗೇ ಇತ್ತು, ಇಳಿಸಿದರೆ ಸದ್ದಾಗುತ್ತದಲ್ಲ, ಎಷ್ಟು ಹೊತ್ತು ನಿಂತಿದ್ದೆನೋ, ಅತ್ತೆ ಸಾಯಲು ಹೊರಟಿರುವುದು ಕಾಲಿಗಾಗಿ ಅಲ್ಲ, ನನ್ನ ಮಾನಕ್ಕಾಗಿ, ನನಗೆ ಆ ಮಾನ ಬೇಡ, ಅತ್ತೆ ಬೇಕು, ನನಗೆ ತಾಯಿಯ ಮುಖ ಗೊತ್ತಿಲ್ಲ, ಈ ಹೆಂಗಸಿನ ಮುಖವನ್ನೂ ನೆಟ್ಟಗೆ ನೋಡಿಲ್ಲ, ಆದರೆ ಕಿಟಕಿಯ ಆ ಕೂಗಿಲ್ಲದ ಮನೆಯಲ್ಲಿ ನಾನು ಇರಲಾರೆ. ಇದನ್ನು ಅವರಿಗೆ ಹೇಗೆ ಹೇಳುವುದು, ಕಿವುಡು ನಾಯಿಗೆ ಹೇಳಲೇ. ಏನಯ್ಯಾ ವಿಲ್ಬರ್, ಅಜ್ಜಂದಿರು ಎದ್ರಾ? ಹೋಬರ್ಟ್ ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಬಂದಿದ್ದಾರೆ. ಎದ್ರು ಮಾವ, ನಿಮಗಿಂತ ಮುಂಚೆ. ಹಾಡಿನ ಕೊನೇ ಸುತ್ತಿಗೆ ನೀನೂ ಗುಡಿಸಲೊಳಗೆ ಬಾ. ಅತ್ತೆ ಇರ್ತಾರಲ್ಲ ಮಾವ. ಕತ್ತಲಲ್ಲಿ ಯಾರ ಮುಖ ಯಾರಿಗೆ ಕಾಣುತ್ತಯ್ಯಾ, ಒಳಗೆ ಯಾರೂ ಯಾರ ಜೊತೇನೂ ಮಾತಾಡಲ್ಲ, ಅಜ್ಜನ ಜೊತೆ ಮಾತಾಡ್ತಾರೆ, ಪಕ್ಕದಲ್ಲಿರೋರಿಗೆ ಕೇಳಿಸಿದ್ರೆ ಅದು ಅವರ ಕಿವಿ ತಪ್ಪು. ಕಣ್ಣು ಮಿಟುಕಿಸಿ ಹೋಗುತ್ತಾರೆ, ಮುದುಕ ಬಲು ಕಿಲಾಡಿ.

ಅತ್ತೆ ಬರುತ್ತಿದ್ದಾರೆ, ನಾನು ಬೆಂಕಿಯ ಕಡೆ ತಿರುಗಿ ನಿಲ್ಲುತ್ತೇನೆ, ವಾಕರಿನ ಕಾಲು ಹೆಪ್ಪುಗಟ್ಟಿದ ನೆಲಕ್ಕೆ ತಾಗುವ ಸದ್ದು, ಟಕ್, ಟಕ್, ಎಡಪಾದಕ್ಕೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಾರೆ, ಚೀಲ ಮಾತ್ರ ಕಣ್ಣಂಚಿಗೆ ಕಂಡಿತು, ಹಿಡ್ಕೊಳ್ಲಾ ಅಕ್ಕಾ ಅಂದರು ಮಾವ, ನಿನ್ನ ಹಿಡ್ಕೊಳ್ಳೋರು ಬೇಕು ಮೊದ್ಲು ಅಂದರು ಅತ್ತೆ, ಹಾಡಲು ಬಂದಿದ್ದ ಮುದುಕರಿಬ್ಬರೂ ನಕ್ಕರು. ಎಲ್ಲರಂತೆ ಅತ್ತೆಯೂ ಕೈ ಮೊಣಕಾಲು ಊರಿ, ನನ್ನ ಬಂಧುಗಳೆಲ್ಲರಿಗಾಗಿ ಎಂದು ಪ್ರಾರ್ಥನೆ ಹೇಳಿ, ತಲೆ ಬಗ್ಗಿಸಿ ತೆವಳಿಕೊಂಡೇ ಒಳಗೆ ಹೋದರು, ಕಾಲಿನ ಸಲುವಾಗಿ ಬಾಗಿಲ ಬಳಿಯೇ ಕೂರಿಸಿದರು. ಮೊದಲ ಏಳು ಅಜ್ಜಂದಿರನ್ನು ಕಬ್ಬಿಣದ ಕವೆಗೋಲಿನಲ್ಲಿ ಒಬ್ಬೊಬ್ಬರಾಗಿ ಕೊಟ್ಟೆ, ಮಾವ ಜಿಂಕೆಕೊಂಬಿನಿಂದ ಗುಡಿಸಲ ನಡುವಿನ ಗುಂಡಿಗೆ ಇಳಿಸಿದರು, ದೇವದಾರಿನ ಪುಡಿ ಕಲ್ಲಿನ ಮೇಲೆ ಮಿಣಮಿಣ ಉರಿದು ವಾಸನೆ ಹೊರಗೂ ಬಂತು, ತಾಡಪಾಲಿನ ಬಾಗಿಲು ಇಳಿಬಿಟ್ಟೆ, ನೀರಿನ ಸದ್ದು, ಆಮೇಲೆ ಹಾಡು. ಮೂರು ಸುತ್ತು ಹೊರಗೆ ನಿಂತು ಕೇಳಿದೆ, ಮುದುಕರ ಗಂಟಲು ಎಲ್ಲಿ ಸೋಲುತ್ತದೋ ಅಲ್ಲಿ ಅತ್ತೆಯ ದನಿ ಏರುತ್ತದೆ, ಎಪ್ಪತ್ನಾಲ್ಕು ವರ್ಷದ ದನಿ, ಒಂದು ಬಿರುಕಿಲ್ಲ, ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ನನ್ನ ಮೈ ಜುಮ್ಮೆನ್ನುತ್ತದೆ, ಇಂಥವರ ಮನೆಗೆ ಅಳಿಯನಾಗಿ ಬಂದೆನಲ್ಲ ಎಂದು ಎದೆಯುಬ್ಬುತ್ತದೆ, ಮೂರನೇ ಸುತ್ತು ಮುಗಿದು ಕೊನೆಯ ಏಳು ಅಜ್ಜಂದಿರನ್ನೂ ಕೊಟ್ಟು, ಅಂಗಿ ಬಿಚ್ಚಿ, ಬಗ್ಗಿ, ನಾನೂ ಒಳಗೆ ಹೋಗುತ್ತೇನೆ.

ಉಳಿದಿರುವುದು ಬಾಗಿಲ ಬಳಿ ಒಂದೇ ಜಾಗ, ಅತ್ತೆಯ ಪಕ್ಕ. ಒಳಗಿನಿಂದ ಬಾಗಿಲು ಎಳೆದುಕೊಂಡೆ, ಕತ್ತಲೆ, ಕಲ್ಲಿನ ಕೆಂಪು ಮಾತ್ರ, ಮಾವ ನೀರು ಸುರಿದರು, ಆವಿ ಹೆಗಲ ಮೇಲೆ ಬಂದು ಕೂತಿತು, ಕಿವಿಯ ತುದಿ ಉರಿ, ಉಸಿರು ಮೂಗಿನಲ್ಲೇ ಸುಡುತ್ತದೆ, ಪಕ್ಕದಲ್ಲಿ ಅತ್ತೆಯ ಉಸಿರು ಕೇಳುತ್ತಿದೆ, ನಿಧಾನ, ನಿಶ್ಚಿಂತೆ, ನನ್ನದು ಮಾತ್ರ ಓಡುತ್ತಿದೆ. ಬಾಗಿಲ ಹತ್ರ ಇರೋರು ಹೇಳ್ಲಿ, ಅಂದರು ಮಾವ. ಅಜ್ಜಾ, ಅಂದೆ, ದನಿ ನನ್ನದಲ್ಲ ಅನ್ನಿಸಿತು, ಅಜ್ಜಾ, ನಮ್ಮನೇಲಿ ಒಬ್ಬರಿದಾರೆ, ನನ್ನ ಮರ್ಯಾದೆಗೆ ಅಂತ ಸಾಯಕ್ಕೆ ಹೊರಟಿದಾರೆ, ನನಗೆ ಎರಡು ತೋಳಿದೆ ಅಜ್ಜಾ, ಕಟ್ಟಿಗೆ ಹೊತ್ತಿದೀನಿ, ಕರು ಹೊತ್ತಿದೀನಿ, ಅವರ ಮಗಳನ್ನ ಕೊನೇ ತಿಂಗಳು ಹಾಸಿಗೆಯಿಂದ ಎತ್ತಿದ್ದೂ ಇದೇ ತೋಳು, ಕಣ್ಣು ಮುಚ್ಕೊಂಡು ಎತ್ತೀನಿ, ಒಂದು ಸಲಾನೂ ನೋಡಲ್ಲ, ನಾಳೆ ಬನ್ನಿ ಅತ್ತೆ, ನನ್ನನ್ನ ಒಬ್ಬನೇ ಬಿಟ್ಟು ಹೋಗ್ಬೇಡಿ — ಅಯ್ಯೋ, ಹೇಳಿಬಿಟ್ಟೆ, ಅಜ್ಜನಿಗೆ ಅಲ್ಲ, ಅವರಿಗೇ, ನೇರ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಮಾತು, ಹಾಳಾಯಿತು ಎಲ್ಲ, ನೆಲಕ್ಕೆ ಮುಖ ಒತ್ತಿದೆ, ಮಾವ ನೀರನ್ನೂ ಹಾಕಲಿಲ್ಲ. ಆಮೇಲೆ ಪಕ್ಕದಿಂದ ಆ ದನಿ, ಅಜ್ಜಾ, ನನ್ನ ಪಕ್ಕ ಕೂತಿರೋರಿಗೆ ಬುದ್ಧಿ ಕೊಡು, ಕಣ್ಣು ಮುಚ್ಕೊಂಡು ಎತ್ತಿದ್ರೆ ನನ್ನ ಗೋಡೆಗೆ ಗುದ್ದಿಸ್ತಾರೆ, ಕಣ್ಣು ಬಿಟ್ಕೊಂಡೇ ಎತ್ತಲಿ ಅಂತ ಹೇಳು, ನಾಳೆ ಏಳೂವರೆಗೆ ಗಾಡಿ ಬಿಸಿ ಮಾಡಿಟ್ಟಿರ್ಲಿ. ಮುದುಕರಲ್ಲೊಬ್ಬರು ಹೋ ಎಂದರು, ಮಾವ ನಾಲ್ಕು ಸೌಟು ಒಟ್ಟಿಗೇ ಸುರಿದರು, ನಾನು ನಕ್ಕೆನೋ ಅತ್ತೆನೋ, ಬೆವರಿನಲ್ಲಿ ಯಾವುದು ಯಾವುದೆಂದು ಯಾರಿಗೆ ಗೊತ್ತು, ಬಾಗಿಲು ಅಂದರು ಮಾವ, ತಾಡಪಾಲು ಎತ್ತಿದೆ, ಸಂಜೆಯ ಬೆಳಕು, ಕೊಯ್ಯುವ ಗಾಳಿ, ನಾನು ಮೊದಲು ಹೊರಗೆ ಬಂದು ಅಭ್ಯಾಸಬಲದಿಂದ ಮುಖ ತಿರುಗಿಸಿಕೊಂಡು ನಿಂತೆ, ಅತ್ತೆ ತೆವಳಲು ನೋಡಿದರು, ಕಾಲು ಬರಲಿಲ್ಲ, ಚೀಲ ನೆಲಕ್ಕೆ ಉಜ್ಜಿದ ಸದ್ದು, ಮತ್ತೆ ಉಜ್ಜಿದ ಸದ್ದು, ಆಮೇಲೆ ಸದ್ದಿಲ್ಲ, ತಿರುಗಿದೆ — ಬಾಗಿಲಲ್ಲಿ ಎರಡು ಕೈ, ನನ್ನ ಕಡೆಗೆ ಚಾಚಿದ ಎರಡು ಕೈ, ಚಳಿಗೆ ಬೆರಳ ತುದಿಗಳಿಂದ ಆವಿ ಏಳುತ್ತಿದೆ, ಎರಡು ಕೈ, ನನ್ನ ಕಡೆಗೆ, ಆವಿ ಏಳುತ್ತಿರುವ ಎರಡು ಕೈ