ಪಟ್ಟಿಯ ಮೊದಲ ಹೆಸರು

"ಸತ್ತೋರಿಗೂ ಸೀನಿಯಾರಿಟಿ ಕೊಡೋ ಊರು ಕಣ್ರೀ ನಿಮ್ದು," ಎಂದು ನಗುತ್ತ ಕೋಡಿ ವಿಲ್ಕಾಕ್ಸ್ ಹೊಸ ಒಪ್ಪಂದದ ಹಾಳೆಗಳನ್ನು ವೆರ್ನಾಳ ಮೇಜಿನ ಮೇಲಿಟ್ಟ. "ಯೂನಿಯನ್ನಿನೋರು ಸೈನ್ ಹಾಕಿದ್ರು, ನಾನೂ ಹಾಕ್ದೆ. ಇನ್ನು ಆ ಅಜ್ಜಿದೊಂದು ಸೈನ್ ಬಿದ್ರೆ ನಲವತ್ನಾಲ್ಕು ವರ್ಷದ ಪೀಡೆ ತೊಲಗುತ್ತೆ."

ವೆರ್ನಾ ನಗಲಿಲ್ಲ. ಕೋಡಿ ಅಮೆರಿಕದ ಸರೋವರದಂಡೆಯ ಊರಾದ ಆಗೇಟ್ ಕೋವ್‌ನ ಪುರಸಭೆಗೆ ಮ್ಯಾನೇಜರಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಇಲ್ಲಿನ ಒಂದು ಪೂರ್ತಿ ಚಳಿಗಾಲವನ್ನೂ ಅವನು ಕಂಡಿರಲಿಲ್ಲ. ಅವಳು ಇಪ್ಪತ್ತಮೂರು ವರ್ಷದಿಂದ ಅಲ್ಲಿ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಊರು ಚಿಕ್ಕದು, ಕೈ ಕಡಿಮೆ. ಹಾಗಾಗಿ ಹಿಮ ಬಿದ್ದಾಗ ರಸ್ತೆ ಗುಡಿಸುವ ಲಾರಿಗಳ ಚಾಲಕರಿಗೆ ಫೋನ್ ಮಾಡಿ ಕರೆಸುವ ಕೆಲಸವೂ ಅವಳ ಪಾಲಿಗೇ ಬಂದಿತ್ತು.

ಕರೆಯುವುದಕ್ಕೊಂದು ಪಟ್ಟಿ ಇತ್ತು. ಮೊದಲು ಕೆಲಸಕ್ಕೆ ಸೇರಿದವನ ಹೆಸರು ಮೇಲೆ. ಮೇಲಿನಿಂದ ಕೆಳಕ್ಕೆ ಒಬ್ಬೊಬ್ಬರನ್ನೇ ಕರೆಯುತ್ತ ಬರಬೇಕು. ಫೋನ್ ಎತ್ತಿದವನು ಬರಲೇಬೇಕು. ಎತ್ತದಿದ್ದರೆ ಮನೆಯಲ್ಲಿಲ್ಲ ಎಂದು ಲೆಕ್ಕ. ಪುಸ್ತಕದಲ್ಲಿ 'ಉತ್ತರವಿಲ್ಲ' ಎಂದು ಬರೆದು ಮುಂದಿನವನಿಗೆ ಹೋಗಬೇಕು. ಆ ಪಟ್ಟಿಯ ಮೊದಲ ಹೆಸರು ಆರ್ವೋ ಲಂಪಿನೆನ್. ಅದನ್ನು ತೆಗೆದುಹಾಕಲೆಂದೇ ಈ ಹೊಸ ಒಪ್ಪಂದ.

ಎಪ್ಪತ್ತೊಂಬತ್ತರ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಆರ್ವೋ ಸರೋವರದ ದಂಡೆಯ ರಸ್ತೆ ಗುಡಿಸಲು ಲಾರಿ ತೆಗೆದುಕೊಂಡು ಹೋದ. ಲಾರಿಯೂ ಮರಳಲಿಲ್ಲ, ಅವನೂ ಮರಳಲಿಲ್ಲ. ಸರೋವರಕ್ಕೇ ಉರುಳಿರಬೇಕೆಂದು ಊರು ಅಂದುಕೊಂಡಿತು. ಮೂರು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡವನು ತಾನಾಗಿ ಕೆಲಸ ಬಿಟ್ಟಂತೆ ಎಂದು ಪುರಸಭೆಯಲ್ಲೊಂದು ನಿಯಮವಿತ್ತು. ಯಾವನೋ ಪುಣ್ಯಾತ್ಮ ನಾಲ್ಕನೆಯ ದಿನ ಆ ನಿಯಮವನ್ನು ಟೈಪು ಮಾಡಿ ಆರ್ವೋನ ಹೆಂಡತಿಗೆ ಅಂಚೆಯಲ್ಲಿ ಕಳಿಸಿಯೇಬಿಟ್ಟ. ಯೂನಿಯನ್ ಕೆರಳಿ ದೂರು ಹಾಕಿತು. ವಿಚಾರಣೆಯ ಹಿಂದಿನ ದಿನ ಎರಡೂ ಕಡೆಯವರು ಕೂತು ಐದೇ ಸಾಲಿನ ರಾಜಿ ಬರೆದರು. ಆರ್ವೋ ತಾನೇ ಬರೆದುಕೊಟ್ಟು ಕೆಲಸ ಬಿಡುವವರೆಗೆ, ಇಲ್ಲವೇ ಅವನ ದೇಹ ಸಿಗುವವರೆಗೆ, ಅವನ ಹೆಸರು ಪಟ್ಟಿಯಲ್ಲಿ ತನ್ನ ಜಾಗದಲ್ಲೇ ಇರತಕ್ಕದ್ದು. ಸರದಿ ಬಂದಾಗ ಅವನನ್ನು ಕರೆಯತಕ್ಕದ್ದು. ಬೇಸಿಗೆಯೊಳಗೆ ದೇಹ ಸಿಕ್ಕೇ ಸಿಗುತ್ತದೆಂದು ನಂಬಿ ಯಾರೂ ಕೊನೆಯ ತಾರೀಖು ಹಾಕಲಿಲ್ಲ. ಆ ನೀರಿನ ಥಂಡಿಗೆ ಮುಳುಗಿದ್ದು ತೇಲುವುದಿಲ್ಲ ಎಂದು ಮೀನುಗಾರರ ಮಕ್ಕಳಿಗೂ ಗೊತ್ತಿತ್ತು, ವಕೀಲರಿಗೆ ಗೊತ್ತಿರಲಿಲ್ಲ.

ಆ ರಾಜಿಯ ಕೆಳಗೆ ಯೂನಿಯನ್ ಪರವಾಗಿ ಸಹಿ ಹಾಕಿದವನು ರೈನೋ ಸಲ್ಮೆಲಾ, ವೆರ್ನಾಳ ಅಪ್ಪ. ಗೆಳೆಯನ ಹೆಸರು ಉಳಿಸಿದವನು ಎಂದು ಊರು ಅವನನ್ನು ಸಾಯುವವರೆಗೂ ಹೊಗಳಿತು.

ವೆರ್ನಾಳಿಗೆ ಈ ಕೆಲಸ ಕಲಿಸಿದವಳು ಹಳೆಯ ಗುಮಾಸ್ತೆ ಹೆಲ್ಮಿ. ಮೊದಲ ದಿನವೇ ಆರ್ವೋನ ನಂಬರಿನ ಮೇಲೆ ಬೆರಳಿಟ್ಟು ಹೇಳಿದ್ದಳು: "ಎಂಟು ರಿಂಗ್ ಎಣಿಸು. ಎಂಟಾಯ್ತೋ, ಇಟ್ಬಿಡು. ಒಂಬತ್ತನೇದಕ್ಕೆ ಕಾಯಬೇಡ."

"ಕಾದ್ರೆ ಏನಾಗುತ್ತೆ?"

"ನಂಗೇನ್ ಗೊತ್ತೇ? ನಾನು ಕಾದಿಲ್ಲ."

ವೆರ್ನಾಳೂ ಕಾದಿರಲಿಲ್ಲ. ಆದರೆ ಈಚಿನ ಎರಡು ಚಳಿಗಾಲಗಳಲ್ಲಿ ಏಳನೆಯ ರಿಂಗಿಗೂ ಎಂಟನೆಯದಕ್ಕೂ ನಡುವಿನ ಬಿಡುವು ಸ್ವಲ್ಪ ಉದ್ದವಾದಂತೆ ಅವಳಿಗೆ ಅನ್ನಿಸುತ್ತಿತ್ತು. ಆಚೆ ಯಾರೋ ಫೋನಿನ ಹತ್ತಿರ ಬಂದು ನಿಂತಂತೆ. ಭಯವಾಗುತ್ತಿತ್ತು, ಯಾರೊಂದಿಗೂ ಹೇಳಿಕೊಂಡಿರಲಿಲ್ಲ.

ಆರ್ವೋನ ಹೆಂಡತಿ ಸೈಮಾ ಸೋಮವಾರ ತಾನೇ ಕಾರು ನಡೆಸಿಕೊಂಡು ಪುರಸಭೆಗೆ ಬಂದಳು. ಎಂಬತ್ತಾರು ವರ್ಷ, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗೆ.

"ಸೈನ್ ಹಾಕ್ತೀನಿ ವೆರ್ನಾ. ಅದಕ್ಕೆ ಮುಂಚೆ ಆವತ್ತಿನ ಕರೆ ಪುಸ್ತಕದ ಪುಟ ನೋಡ್ಬೇಕು."

"ಅದ್ಯಾಕೆ ಈಗ, ಸೈಮಾ ಆಂಟಿ?"

"ಆವತ್ತು ಆರ್ವೋ ಪಟ್ಟೀಲಿ ಎರಡನೆಯವನು. ಮೊದಲನೆಯವನು ನಿಮ್ಮಪ್ಪ. 'ನಂಗೆ ಫೋನೇ ಬರ್ಲಿಲ್ಲ, ಹೆಲ್ಮಿ ನನ್ನ ಮರ್ತು ಆರ್ವೋನ ಕರೆದ್ಲು' ಅಂತ ನಿಮ್ಮಪ್ಪ ಹೇಳ್ದ. ಹೆಲ್ಮಿ ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ಊರೆಲ್ಲ ಅವಳ್ನ ಆಡ್ಕೊಂಡಿತು, ನಾನೂ ಆಡ್ಕೊಂಡೆ. ಈಗ ಇಬ್ರೂ ಮಣ್ಣಲ್ಲಿದಾರೆ. ಸೈನ್ ಹಾಕೋ ಮುಂಚೆ ನಂಗೆ ನಿಜ ಗೊತ್ತಾಗ್ಲಿ."

ದಾಖಲೆ ಕೇಳುವ ಅರ್ಜಿಯನ್ನು ಅವಳು ನಿಂತೇ ತುಂಬಿದಳು. ಉತ್ತರ ಕೊಡಲು ಕಾನೂನಿನಲ್ಲಿ ಐದು ಕೆಲಸದ ದಿನಗಳ ಗಡುವು. ವೆರ್ನಾ ಅದರ ಮೂಲೆಯಲ್ಲಿ ತಾರೀಖಿನ ಮುದ್ರೆ ಒತ್ತಿದಳು.

ಪುಟದಲ್ಲಿ ಏನಿದೆಯೆಂದು ಅವಳಿಗೆ ನೋಡದೆಯೇ ಗೊತ್ತಿತ್ತು. ಆಗ ಅವಳಿಗೆ ಏಳು ವರ್ಷ. ಅಪ್ಪ ಎರಡು ದಿನ ಒಂದೇ ಸಮನೆ ಲಾರಿ ಓಡಿಸಿ ಮನೆಗೆ ಬಂದಿದ್ದ. ಒದ್ದೆ ಕಾಲುಚೀಲಗಳು ಒಲೆಯ ಮೇಲಿನ ಹಗ್ಗದಲ್ಲಿ ಹಬೆಯಾಡುತ್ತಿದ್ದವು. ಫೋನ್ ಹೊಡೆದುಕೊಂಡಿತು. ಅವಳು ಓಡಿ ಬಂದಾಗ ಅಪ್ಪ ರಿಸೀವರಿನ ಮೇಲೆ ಅಂಗೈ ಒತ್ತಿ ಕೂತಿದ್ದ, ಅಳುವ ಮಗುವಿನ ಬಾಯಿ ಮುಚ್ಚಿದ ಹಾಗೆ. "ಮುಟ್ಬೇಡ," ಎಂದ. ಎಂಟು ಸಲ ಹೊಡೆದುಕೊಂಡು ಅದು ಸುಮ್ಮನಾಯಿತು. ಆಮೇಲೆ ಅಪ್ಪ ಊರಿಗೆಲ್ಲ ಫೋನ್ ಬರಲಿಲ್ಲವೆಂದಾಗ, ಅವಳು ಅವನ ಪಕ್ಕದಲ್ಲೇ ಕೈ ಹಿಡಿದು ನಿಂತಿದ್ದಳು.

ಬುಧವಾರ ಅವಳು ನೆಲಮಾಳಿಗೆಗೆ ಇಳಿದಳು. ರಾಜಿಯ ಜೊತೆ ಮೊಹರು ಮಾಡಿಟ್ಟಿದ್ದ ಕಟ್ಟಿನೊಳಗೆ ಪುಸ್ತಕ ಸಿಕ್ಕಿತು. ಹೆಲ್ಮಿಯ ದುಂಡು ಅಕ್ಷರ. 'ಆರ್. ಸಲ್ಮೆಲಾ. 2:10. ಎಂಟು ರಿಂಗು. ಉತ್ತರವಿಲ್ಲ.' ಕೆಳಗೆ: 'ಎ. ಲಂಪಿನೆನ್. 2:14. ಬರುತ್ತಾನೆ.' ಹೆಲ್ಮಿ ಈ ಪುಟದ ಮಾತನ್ನು ಎದೆಯಲ್ಲಿಟ್ಟುಕೊಂಡೇ ತನಗೆ ಕೆಲಸ ಕಲಿಸಿದ್ದಳೆಂದು ಹೊಳೆದು ವೆರ್ನಾಳಿಗೆ ನಾಚಿಕೆಯಾಯಿತು.

"ಸಿಕ್ತಾ?" ಎಂದು ಮೇಲೆ ಕೋಡಿ ಕೇಳಿದ. ಉತ್ತರಕ್ಕೂ ಕಾಯದೆ, "ಸಿಗದಿದ್ರೆ ಬಿಡಿ. ತೊಂಬತ್ನಾಲ್ಕರಲ್ಲಿ ಕೆಳಗೆ ನೀರು ನುಗ್ಗಿತ್ತಂತಲ್ಲ? 'ದಾಖಲೆ ಲಭ್ಯವಿಲ್ಲ' ಅಂತ ಸೀಲ್ ಹಾಕಿ ಕೊಟ್ಬಿಡಿ. ಯಾರು ಬಂದು ನೋಡ್ತಾರೆ?" ಎಂದ.

ಆ ಸೀಲು ಅವಳ ಮೇಜಿನ ಖಾನೆಯಲ್ಲೇ ಇತ್ತು. ಗುರುವಾರ ಒಮ್ಮೆ, ಶುಕ್ರವಾರ ಎರಡು ಸಲ ಅದನ್ನು ಹೊರತೆಗೆದು ನೋಡಿ ಒಳಗಿಟ್ಟಳು. ಒಂದು ಸಲ ಒತ್ತಿದರೆ ಅಪ್ಪ ಒಳ್ಳೆಯವನಾಗಿಯೇ ಉಳಿಯುತ್ತಿದ್ದ.

ಭಾನುವಾರ ಮೂರು ಗಂಟೆಗೆ ಬಿರುಗಾಳಿ ಬರುತ್ತದೆಂದು ರೇಡಿಯೋ ಹೇಳಿತು. ಅಷ್ಟರಲ್ಲಿ ಅವಳು ಆಫೀಸಿನಲ್ಲಿರಬೇಕು. ಚರ್ಚು ಮುಗಿಸಿ, ಪುಟದ ಪ್ರತಿಯನ್ನೂ ಒಪ್ಪಂದವನ್ನೂ ಲಕೋಟೆಗೆ ಹಾಕಿಕೊಂಡು ದಂಡೆಯ ರಸ್ತೆಯಲ್ಲಿ ಸೈಮಾಳ ಮನೆಗೆ ಹೊರಟಳು. ಸೀಲು ಕೋಟಿನ ಜೇಬಿನಲ್ಲಿತ್ತು. ಯಾಕೆ ತಂದೆನೆಂದು ಅವಳಿಗೇ ತಿಳಿಯದು.

ಹಿಮ ಆಗಲೇ ಶುರುವಾಗಿತ್ತು. ಗಾಳಿಯಿಲ್ಲದೆ, ಸದ್ದಿಲ್ಲದೆ, ದಪ್ಪಗೆ ಬೀಳುತ್ತಿತ್ತು. ಸೈಮಾಳ ಅಡುಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡಿನ ವಾಸನೆ. ಗೋಡೆಯ ಮೇಲೆ ಹಳೆಯ ಹಸಿರು ಫೋನು, ಅದರ ಸುರುಳಿ ತಂತಿ ಒಮ್ಮೆಯೂ ಎಳೆಯದ ಹಾಗೆ ಬಿಗಿಯಾಗಿತ್ತು.

"ಈ ಫೋನು ಬರೀ ನಿಮ್ಮ ಆಫೀಸಿಗೆ," ಎಂದಳು ಸೈಮಾ ಅವಳ ನೋಟ ಕಂಡು. "ಮಿಕ್ಕೋರೆಲ್ಲ ಮೊಬೈಲಿಗೆ ಮಾಡ್ತಾರೆ."

"ಒಂದು ಸಲನಾದ್ರೂ ಯಾಕೆ ಎತ್ಲಿಲ್ಲ ನೀವು?"

"ಎತ್ತಿದ್ರೆ ಅವನಿಲ್ಲ ಅನ್ಬೇಕಲ್ಲ ಮಗಳೇ. ಎತ್ತದಿದ್ರೆ ಎಲ್ಲೋ ಹೊರಗೆ ಹೋಗಿದಾನೆ, ಅಷ್ಟೆ. ನಿಮ್ಮ ಪುಸ್ತಕದ ಲೆಕ್ಕಾನೂ ಅದೇ ಅಲ್ವಾ?"

ವೆರ್ನಾ ಲಕೋಟೆ ತೆರೆದು ಪುಟವನ್ನು ಅವಳ ಮುಂದಿಟ್ಟಳು. ಸೈಮಾ ಭೂತಕನ್ನಡಿ ಹಿಡಿದು ಓದಿದಳು. ಎರಡು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಹಾಗಾದ್ರೆ ಹೆಲ್ಮಿ ಕರೆದಿದ್ಲು."

"ಕರೆದಿದ್ರು."

"ರೈನೋ ಮನೇಲಿರ್ಲಿಲ್ಲವಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಪುಟವೂ ಅದನ್ನೇ ಹೇಳುತ್ತಿತ್ತು. "ಇದ್ರು," ಎಂದಳು ವೆರ್ನಾ. "ಫೋನಿನ ಮೇಲೆ ಕೈ ಇಟ್ಕೊಂಡು ಕೂತಿದ್ರು. ನಾನೂ ಅಲ್ಲೇ ಇದ್ದೆ. ನಂಗೆ ಗೊತ್ತಿತ್ತು ಆಂಟಿ. ಇಷ್ಟು ವರ್ಷ ಗೊತ್ತಿತ್ತು."

ಸೈಮಾ ಅವಳನ್ನೇ ನೋಡಿದಳು. ಬಯ್ಯಲೆಂದು ಬಾಯಿ ತೆರೆದಳೋ, ಸಮಾಧಾನ ಹೇಳಲೆಂದೋ. ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು.

"ನಿಮ್ಮ ಆಫೀಸಿಂದ," ಎಂದಳು ಸೈಮಾ ಅಭ್ಯಾಸಬಲದಿಂದ. "ಹಿಮ ಶುರುವಾಯ್ತಲ್ಲ."

"ಕರೆಯೋಳು ನಾನೇ ಅಲ್ವಾ ಆಂಟಿ?" ಎಂದಳು ವೆರ್ನಾ. "ಅಲ್ಲಿ ಯಾರೂ ಇಲ್ಲ. ಕೋಡಿ ಡೆಟ್ರಾಯಿಟ್‌ಗೆ ಹೋಗಿದಾನೆ. ಬೀಗದ ಕೈ ನನ್ ಹತ್ರ ಇದೆ."

ಇಬ್ಬರೂ ಕದಲಲಿಲ್ಲ. ಮೂರು. ನಾಲ್ಕು. ಒಲೆಯ ಮೇಲಿನ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ವೆರ್ನಾಳ ತುಟಿ ತನ್ನಷ್ಟಕ್ಕೆ ಎಣಿಸುತ್ತಿತ್ತು. ಏಳು. ನಡುವಿನ ಬಿಡುವು ಉದ್ದವಾಯಿತು. ಎಂಟು. ಸೈಮಾ ಮೇಜಿನ ಅಂಚು ಹಿಡಿದುಕೊಂಡಳು. ನಿಲ್ಲಬೇಕಿತ್ತು. ಒಂಬತ್ತನೆಯದು ಹೊಡೆಯಿತು.

ವೆರ್ನಾ ಎದ್ದು ಹೋಗಿ ರಿಸೀವರ್ ಎತ್ತಿದಳು.

ಆ ಕಡೆ ಮಾತಿರಲಿಲ್ಲ. ದೂರದಲ್ಲಿ ಯಾವುದೋ ಎಂಜಿನ್ನು ನಿಂತಲ್ಲೇ ಗುರುಗುಡುವಂತಿತ್ತು, ವೈಪರುಗಳು ಗಾಜಿನ ಮೇಲೆ ಅತ್ತಿಂದಿತ್ತ ಆಡುವಂತಿತ್ತು. ಅದರೊಳಗೆ ಯಾರೋ ಉತ್ತರಕ್ಕೆ ಕಾಯುತ್ತಿದ್ದರು. ಅವಳಿಗೆ ಅಳು ಬಂತು. ಏಳು ವರ್ಷದವಳಲ್ಲಿ ಉಳಿದುಹೋಗಿದ್ದ ಅಳು ಅದು, ಇವತ್ತಿನದಲ್ಲ.

"ಸಲ್ಮೆಲಾ ಮನೆ," ಎಂದಳು, ಅಪ್ಪ ಹೇಳುತ್ತಿದ್ದ ಹಾಗೆಯೇ. "ಅಪ್ಪ ಇಲ್ಲೇ ಇದಾರೆ. ಬರ್ತಾರೆ. ಆರ್ವೋನ ಕರೀಬೇಡಿ."

ಗುರುಗುಡುವ ಸದ್ದು ಇನ್ನೊಂದು ಕ್ಷಣ ಇತ್ತು. ಆಮೇಲೆ ಬರೀ ಖಾಲಿ ತಂತಿಯ ಗುಂಯ್‌ಗುಡುವಿಕೆ.

ತಿರುಗಿದಾಗ ಸೈಮಾ ಕಿಟಕಿಯ ಹತ್ತಿರ ನಿಂತಿದ್ದಳು, ಬೆನ್ನು ಇವಳ ಕಡೆಗೆ. ಮೇಜಿನ ಮೇಲೆ ಒಪ್ಪಂದ ಹಾಗೇ ಬಿದ್ದಿತ್ತು. "ನೀನು ಹೊರಡು," ಎಂದಳು ತಿರುಗದೆ. "ಮೂರಕ್ಕೆ ನೀನು ಅಲ್ಲಿರ್ಬೇಕು." ಸ್ವಲ್ಪ ತಡೆದು, "ಬ್ರೆಡ್ಡು ತಗೊಂಡು ಹೋಗೇ," ಎಂದಳು.

ಹೊರಗೆ ಅಂಗೈಯುದ್ದ ಹಿಮ ಕೂತಿತ್ತು. ಆದರೆ ಸೈಮಾಳ ಗೇಟಿನಿಂದ ಊರಿನ ಕಡೆಗೆ ರಸ್ತೆಯ ಒಂದು ಬದಿ ಗುಡಿಸಿತ್ತು. ಅಂಚು ಚಾಕುವಿನಿಂದ ಕೊಯ್ದಷ್ಟು ನೇರವಾಗಿತ್ತು. ಅವಳು ಅದರಲ್ಲೇ ಕಾರು ಬಿಟ್ಟುಕೊಂಡು ಮೂರು ಮೈಲಿ ಬಂದಳು, ಹಿಂದೆ ನೋಡುವ ಕನ್ನಡಿಗೆ ಕಣ್ಣು ಹಾಯಿಸದೆ. ಪುರಸಭೆಯ ಶೆಡ್ಡಿನಲ್ಲಿ ನಾಲ್ಕೂ ಲಾರಿಗಳು ಸಾಲಾಗಿ ನಿಂತಿದ್ದವು, ಹಿಮ ತಳ್ಳುವ ಮುಂದಿನ ಅಲಗುಗಳು ಒಣಗಿಯೇ ಇದ್ದವು. ಆಫೀಸಿನ ಮೆಟ್ಟಿಲ ಮೇಲಿನ ಹಿಮದಲ್ಲಿ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಅವಳು ಬೀಗ ತೆಗೆದು, ಕೋಟು ಬಿಚ್ಚಿ, ಜೇಬಿನ ಸೀಲನ್ನು ಕಸದ ಬುಟ್ಟಿಗೆ ಹಾಕಿ, ಕರೆ ಪುಸ್ತಕದ ಹೊಸ ಪುಟ ತೆರೆದಳು.

ಹೊಸ ಒಪ್ಪಂದಕ್ಕೆ ಸಹಿ ಬಿದ್ದಿರಲಿಲ್ಲ, ಹಾಗಾಗಿ ಹಳೆಯದೇ ಇನ್ನೂ ಊರ್ಜಿತ. 'ಎ. ಲಂಪಿನೆನ್' ಎಂದು ಬರೆದು ನಂಬರು ಒತ್ತಿದಳು. ಎಣಿಸಲು ತುಟಿ ತೆರೆದಳು.

ಮೊದಲ ರಿಂಗು ಮುಗಿಯುವ ಮುಂಚೆಯೇ ಫೋನು ಎತ್ತಿದ ಸದ್ದಾಯಿತು.

"ಆರ್ವೋ ಬರಲ್ಲ ಮಗಳೇ," ಎಂದಿತು ಸೈಮಾಳ ದನಿ, ನಲವತ್ನಾಲ್ಕು ವರ್ಷದಲ್ಲಿ ಮೊದಲ ಸಲ. "ಅವನು ತೀರಿಕೊಂಡಿದಾನೆ. ಮುಂದಿನೋರ್ನ ಕರಿ."

ವೆರ್ನಾ ಪೆನ್ನು ಹಿಡಿದಳು. 'ಉತ್ತರವಿಲ್ಲ' ಎಂದು ಬರೆಯುತ್ತಿದ್ದ ಜಾಗವನ್ನು ಹಾಗೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊತ್ತು ಬರೆದಳು, ಮೂರು ಗಂಟೆ ಒಂದು ನಿಮಿಷ. ಅದರ ಮುಂದೆ ಸೈಮಾ ಹೇಳಿದ ಮಾತು ಬರೆದು, ಎರಡನೆಯ ಹೆಸರಿನ ಮೇಲೆ ಬೆರಳಿಟ್ಟಳು. ಕಿಟಕಿಯ ಆಚೆ ಗುಡಿಸಿದ ಆ ಒಂದು ಬದಿ ನಿಧಾನವಾಗಿ ಮತ್ತೆ ಬೆಳ್ಳಗಾಗುತ್ತಿತ್ತು.