ಸೊಹೈಲನ ಗಂಟಲು, ಸುಬ್ಬಣ್ಣನವರ ಬೀಗ

ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಮಗ ಸೊಹೈಲನ ಕಾಲರು ಸರಿಮಾಡುತ್ತ ಬದರುನ್ನೀಸಾ ಹೇಳಿದ್ದು ಒಂದೇ ಮಾತು. "ಇಂಟರ್‌ವ್ಯೂನಲ್ಲಿ ಯಾರ ದನೀನೂ ಮಾಡಬೇಡ."

"ಮಾಡಲ್ಲ ಅಮ್ಮಿ."

"ನನ್ನ ದನೀಲಿ ಹೇಳಬೇಡ. ನಿನ್ನ ದನೀಲಿ ಹೇಳು."

ಅವಳ ಭಯಕ್ಕೆ ಕಾರಣವಿತ್ತು. ಹೋದ ಸಲದ ಇಂಟರ್‌ವ್ಯೂ ಚೆನ್ನಾಗಿಯೇ ಆಗಿತ್ತು. ಮುಗಿಸಿ ಮೆಟ್ಟಿಲಿಳಿಯುವಾಗ ಸೊಹೈಲ್ ಗೆಳೆಯನಿಗೆ ಫೋನ್ ಹಚ್ಚಿ, ಅಲ್ಲಿನ ಮ್ಯಾನೇಜರು ಮೂಗಿನಿಂದ ಹೇಗೆ ಮಾತಾಡಿದರೆಂದು ಮಾಡಿ ತೋರಿಸಿದ್ದ. ಮ್ಯಾನೇಜರು ಅವನ ಹಿಂದೆಯೇ ಇಳಿಯುತ್ತಿದ್ದರು. ಅವರ ಜೊತೆ ಕೆಲಸವೂ ಇಳಿದು ಹೋಯಿತು.

"ಇದೂ ಕೈಬಿಟ್ರೆ ಸೋಮವಾರದಿಂದ ಸ್ಪ್ಯಾನರ್ ಹಿಡಿ" ಎಂದು ಗ್ಯಾರೇಜಿನ ಯಜಮಾನರಾದ ಅವನ ತಂದೆ ಹಸನ್ ತೀರ್ಪು ಕೊಟ್ಟಾಗಿತ್ತು. ಕೊಟ್ಟವರಿಗೂ ಅದು ಅಷ್ಟೇನೂ ಖುಷಿಯ ತೀರ್ಪಲ್ಲ. ಸೊಹೈಲ್ ಯಾವ ಗಾಡಿಯನ್ನಾದರೂ ಬಿಚ್ಚಬಲ್ಲ, ಮತ್ತೆ ಜೋಡಿಸಿದ್ದನ್ನು ಮಾತ್ರ ಮೂಡಿಗೆರೆಯಲ್ಲಿ ಯಾರೂ ನೋಡಿಲ್ಲ. ಬರೀ ಬಿಚ್ಚುವುದಕ್ಕೇ ಸಂಬಳ ಕೊಡುವ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್ ಎಂದು ಕಾಲೇಜಿನಲ್ಲಿ ತಿಳಿದ ದಿನವೇ ಅವನು ತನ್ನ ಹಣೆಬರಹ ಓದಿಕೊಂಡಿದ್ದ.

ಚಿಕ್ಕಮಗಳೂರಿನ ಆ ಕಂಪನಿ ಒಂದು ಕಾಫಿಪುಡಿ ಅಂಗಡಿಯ ಮಹಡಿಯ ಮೇಲಿತ್ತು. ಕಾಫಿ ಕೊಡದಿದ್ದರೂ ವಾಸನೆ ಪುಕ್ಕಟೆ. ಮೇಜಿನ ಆಚೆ ಕಂಪನಿಯ ಒಡೆಯ ಮೋಹಿತ್, ಟೆಸ್ಟಿಂಗ್ ನೋಡಿಕೊಳ್ಳುವ ದಿವ್ಯಾ. ಮೂಲೆಯ ಸೋಫಾದಲ್ಲಿ ಬಿಳಿ ಮೀಸೆಯ ಹಿರಿಯರೊಬ್ಬರು ಕಾಲು ಚಾಚಿ ಕೂತಿದ್ದರು.

"ಒಂದು ಲಿಫ್ಟನ್ನ ಹೇಗೆ ಟೆಸ್ಟ್ ಮಾಡ್ತೀರಿ?" ಎಂದು ದಿವ್ಯಾ ಶುರುಮಾಡಿದಳು.

"ಯಾವ ಲಿಫ್ಟ್ ಮೇಡಂ? ನಮ್ಮ ಕಡೆ ಲಿಫ್ಟ್ ಅಂದ್ರೆ ಜೀಪಿಗೆ ಕೈ ಅಡ್ಡ ಹಾಕೋದು. ಮೊದಲ ಟೆಸ್ಟು, ನಿಲ್ಲುತ್ತಾ ಅಂತ. ಆಮೇಲಿಂದು, ಎಲ್ಲಿ ಇಳಿಸುತ್ತೆ ಅಂತ."

ದಿವ್ಯಾ ನಕ್ಕಳು. "ಕಟ್ಟಡದ್ದಕ್ಕೂ ಅವೇ ಮುಖ್ಯ. ಮುಂದೆ ಹೇಳಿ."

ಅವನು ಹೇಳುತ್ತಾ ಹೋದ. ಮಧ್ಯದಲ್ಲಿ ಕರೆಂಟು ಹೋದರೆ, ಭಾರ ಜಾಸ್ತಿಯಾದರೆ, ಮೇಲಿನವರೂ ಕೆಳಗಿನವರೂ ಒಟ್ಟಿಗೇ ಬಟನ್ ಒತ್ತಿದರೆ. ಎಲ್ಲವೂ ಅವನದೇ ದನಿಯಲ್ಲಿ. ಅಮ್ಮಿ ನೋಡಬೇಕಿತ್ತು.

ಮೋಹಿತ್ ಖುಷಿಯಾಗಿ ಮೇಜಿನ ಮೇಲೆ ಒಂದು ಕಬ್ಬಿಣದ ಡಬ್ಬಿ ಇಟ್ಟ. "ಇದು ನಮ್ಮ ದನಿ ಬೀಗ. ಎಸ್ಟೇಟ್ ಗೋಡೌನಿಗೆ ಹಾಕೋದು. ಮಾಲೀಕರ ದನಿಗೆ ಮಾತ್ರ ತೆಗೆಯುತ್ತೆ. ಮಲ್ಲಂದೂರಿನ ಸುಬ್ಬಣ್ಣನವ್ರು ನಮ್ಮ ಮೊದಲ ಗಿರಾಕಿ, ಇವತ್ತು ತಗೊಂಡು ಹೋಗೋಕೆ ಬಂದಿದಾರೆ" ಎಂದು ಸೋಫಾದ ಕಡೆ ಕೈಮಾಡಿದ. "ಟೆಸ್ಟ್ ಮಾಡಿ ನೋಡೋಣ."

"ಸರ್, ನೀವೇ ಒಂದ್ಸಲ ತೆಗೀತೀರಾ?" ಎಂದು ಸೊಹೈಲ್ ಹಿರಿಯರನ್ನು ಕೇಳಿದ.

ಸುಬ್ಬಣ್ಣನವರು ಎದ್ದು ಬಂದರು. ಬಾಯಿ ತುಂಬ ಕವಳ. ಎಲೆಯಡಿಕೆಯ ರಸ ಚೆಲ್ಲದ ಹಾಗೆ ಗದ್ದ ಮೇಲೆತ್ತಿ ಅಪ್ಪಣೆ ಕೊಟ್ಟರು. "ಘೋಢೌ ಥೆಘಿ!"

"ಕ್ಷಮಿಸಿ, ನೀವು ಮಾಲೀಕರಲ್ಲ" ಎಂದಿತು ಬೀಗ.

ಅವರು ಕಿಟಕಿಯಾಚೆ ಉಗಿದು ಬಂದು ಗುಡುಗಿದರು. "ನನ್ನ ಗೋಡೌನಿಗೆ ನಾನೇ ಮಾಲೀಕ ಅಲ್ಲ ಅಂತದಲ್ಲ ಮಾರಾಯ!"

"ನಿಮ್ಮ ದನಿ ತುಂಬಿಸಿದ್ದು ಬೆಳಗ್ಗೆ, ಕಾಫಿ ಕುಡಿದ ಕೂಡ್ಲೇ" ಎಂದು ಮೋಹಿತ್ ತೊದಲಿದ. "ಕವಳ ಇಲ್ಲದಾಗ ಸರಿಯಾಗೇ..."

"ಸರ್ ಕವಳ ಇಲ್ಲದೆ ಇರೋದು ಯಾವಾಗ?" ಎಂದ ಸೊಹೈಲ್.

"ನಿದ್ದೇಲಿ" ಎಂದರು ಸುಬ್ಬಣ್ಣನವರು.

ದಿವ್ಯಾ ಬರೆದುಕೊಂಡಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೊಹೈಲನಿಗೆ ಗೊತ್ತಿತ್ತು, ಇದು ಅರ್ಧ ಟೆಸ್ಟು. ಒಡೆಯನಿಗೆ ಬೀಗ ತೆಗೆಯಲಿಲ್ಲ, ಸರಿ. ಒಡೆಯನಲ್ಲದವನಿಗೆ ತೆಗೆದುಬಿಟ್ಟರೆ? ಅದನ್ನು ನೋಡುವ ದಾರಿ ಅವನ ಗಂಟಲಲ್ಲೇ ಕೂತು ಕೆರೆಯುತ್ತಿತ್ತು. ಜೊತೆಗೆ ಅಮ್ಮಿಯ ಮಾತೂ. ಮಾಡಿದರೆ ಸುಬ್ಬಣ್ಣನವರಿಗೆ ಕೋಪ ಬಂದು ಕೆಲಸ ಹೋಗಬಹುದು. ಮಾಡದೆ ಎದ್ದು ಹೋದರೆ, ಬೀಗ ಮೋಸಹೋಗಬಹುದೆಂದು ಗೊತ್ತಿದ್ದೂ ಸುಮ್ಮನಿದ್ದ ಟೆಸ್ಟರ್ ಆಗುತ್ತಾನೆ. ಅಂಥವನಿಗೆ ಗ್ಯಾರೇಜೇ ಸರಿ.

"ಸರ್, ಬೇಜಾರು ಮಾಡ್ಕೋಬಾರದು" ಎಂದು ಸುಬ್ಬಣ್ಣನವರಿಗೆ ಕೈಮುಗಿದ. ಎದೆ ಉಬ್ಬಿಸಿ, ಗದ್ದ ಎತ್ತಿ, ಮೊದಲೊಂದು ಸಣ್ಣ ಕೆಮ್ಮು ಬಿಟ್ಟ. "ಗೋಓಡೌನ್ ತೆಗಿ!"

ಕಟಕ್ಕೆಂದು ಬೀಗ ಬಾಯಿಬಿಟ್ಟಿತು.

ಸುಬ್ಬಣ್ಣನವರು ಹತ್ತಿರ ಬಂದು, ಬೀಗ ಒತ್ತಿ ಮುಚ್ಚಿ, ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇನ್ನೊಂದ್ಸಲ ಹೇಳು."

ಹೇಳಿದ. ಬೀಗ ಮತ್ತೆ ತೆರೆಯಿತು.

"ನಾನು ಹೀಗಾ ಮಾತಾಡೋದು?"

ದಿವ್ಯಾ ಪೆನ್ನು ಬೀಳಿಸಿಕೊಂಡು ಮೇಜಿನ ಕೆಳಗೆ ಮಾಯವಾದಳು. ನಗು ಮಾತ್ರ ಮೇಲೇ ಉಳಿಯಿತು.

"ಈ ಬೀಗ ನನಗೆ ಬೇಡ" ಎಂದರು ಸುಬ್ಬಣ್ಣನವರು.

ಮೋಹಿತನ ಮುಖ ಸೊಪ್ಪಾಯಿತು. ಸೊಹೈಲನ ಕಿವಿಯಲ್ಲಿ ಆಗಲೇ ಸ್ಪ್ಯಾನರು ಟಣ್ ಎಂದಿತು. ಆದರೂ ಅವನು ತಲೆ ತಗ್ಗಿಸಲಿಲ್ಲ. "ತಪ್ಪು ಇಲ್ಲೇ ಸಿಕ್ಕಿದ್ದು ಒಳ್ಳೇದಾಯ್ತು ಸರ್. ನಿಮ್ಮ ಗೋಡೌನಲ್ಲಿ ಸಿಕ್ಕಿದ್ರೆ ಮೂಟೆ ಇರ್ತಿರಲಿಲ್ಲ. ನಿಮ್ಮ ಕವಳದ ದನೀನೂ ತುಂಬಿಸ್ಲಿ, ದನಿ ಜೊತೆ ಬೆರಳಚ್ಚನ್ನೂ ಕೇಳೋ ಹಾಗೆ ಮಾಡ್ಲಿ, ನಾನು ಮತ್ತೆ ಬಿಚ್ಚೋಕೆ ನೋಡ್ತೀನಿ. ಆಗ ನನಗೆ ತೆಗೀದಿದ್ರೆ ತಗೊಳ್ಳಿ."

ಸುಬ್ಬಣ್ಣನವರು ಹೊಸ ಕವಳಕ್ಕೆ ಸುಣ್ಣ ಸವರುತ್ತಾ ಯೋಚಿಸಿದರು. "ಆಯ್ತು ಮೋಹಿತ್. ಸರಿಮಾಡಿ ಕೊಡಿ, ತಗೋತೀನಿ. ಆದ್ರೆ ಈ ಹುಡುಗ ನಿಮ್ಮ ಹತ್ರಾನೇ ಇರ್ಬೇಕು. ಇವನ್ನ ಹೊರಗೆ ಬಿಟ್ರೆ ನನ್ನ ಕಾಫಿಗೆ ಗ್ಯಾರಂಟಿ ಇಲ್ಲ."

"ಬಿಡೋದಿಲ್ಲ" ಎಂದಳು ಮೇಜಿನ ಕೆಳಗಿಂದ ಎದ್ದ ದಿವ್ಯಾ. ಮೋಹಿತ್ ಕೈಚಾಚಿದ. "ಸೋಮವಾರ ಬನ್ನಿ."

ಸೊಹೈಲ್ ಅಲ್ಲೇ ಮನೆಗೆ ಫೋನ್ ಮಾಡಿದ. "ಅಮ್ಮಿ, ಕೆಲಸ ಸಿಕ್ತು!"

"ಯಾರ ದನೀನೂ ಮಾಡ್ಲಿಲ್ಲ ತಾನೇ?"

"ಮಾಡಿದ್ದಕ್ಕೇ ಸಿಕ್ಕಿದ್ದು."

"ಸುಳ್ಳು ಬೇರೆ!"

"ಬೇಕಾದ್ರೆ ನಮ್ಮ ಬಾಸ್ ಹತ್ರಾನೇ ಕೇಳು" ಎಂದು ಫೋನನ್ನು ಮೋಹಿತನ ಕೈಗೆ ಕೊಟ್ಟ.

ಮೋಹಿತ್ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದ. "ನಮಸ್ಕಾರ ಅಮ್ಮ, ನಾನು ಮೋಹಿತ್, ಕಂಪನಿ ಮಾಲೀಕ. ನಿಮ್ಮ ಮಗನಿಗೆ..."

"ಸಾಕು ಸೊಹೈಲ್" ಎಂದಿತು ಆ ಕಡೆಯ ದನಿ. "ಮಾಲೀಕನಂತೆ ಮಾಲೀಕ! ಬಾಯ್ಮುಚ್ಕೊಂಡು ಬಸ್ಸು ಹತ್ತು."